ಕಿವಿ ಮೇಸ್ತ್ರಿಯ ಕಪ್ಪು ಹೊಗೆ

ಕಿವಿ ಮೇಸ್ತ್ರಿಯ ಕಿವಿ ಎಲ್ಲರ ಕಿವಿಯಷ್ಟೇ ಇತ್ತು. ಹೆಸರು ಬಂದದ್ದು ಅದರ ದುಡಿಮೆಯಿಂದ. ಓಡುತ್ತಿರುವ ಇಂಜಿನ್ನಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದನೆಂದರೆ ಸುತ್ತ ನಿಂತವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟಾಗ ಹೆದರುವವನು ರೋಗಿ. ಇಲ್ಲಿ ರೋಗಿ ತನ್ನ ಪಾಡಿಗೆ ಗುಡುಗುಡು ಎನ್ನುತ್ತಿರುತ್ತಿತ್ತು, ಹೆದರುವವರು ಅದರ ಮಾಲೀಕರು. ಆಮೇಲೆ ಮೇಸ್ತ್ರಿ ಕಣ್ಣು ತೆರೆದು, "ಎರಡನೇ ಸಿಲಿಂಡರು. ವಾಲ್ವು ಸಡಿಲ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಎರಡನೇ ಸಿಲಿಂಡರೇ, ವಾಲ್ವೇ.

ಲಾರಿಗಳ ಕೆಳಗೆ ಅಂಗಾತ ಮಲಗಿ ಕಲಿತ ವಿದ್ಯೆ ಅದು. ಅವನ ವಯಸ್ಸಿನ ಉಳಿದ ಹುಡುಗರು ಅಂಗಾತ ಮಲಗಿ ನಕ್ಷತ್ರ ನೋಡುತ್ತಿದ್ದಾಗ ಅವನಿಗೆ ಕಂಡದ್ದು ಗೇರ್‌ಬಾಕ್ಸಿನ ಹೊಟ್ಟೆ. ಲಾರಿಯಿಂದ ಟ್ರಾಕ್ಟರಿಗೆ, ಟ್ರಾಕ್ಟರಿನಿಂದ ಬಸ್ಸಿಗೆ ಬಂದು, ನಡುವಯಸ್ಸು ದಾಟುವ ಹೊತ್ತಿಗೆ ನದಿ ದಾಟಿಸುವ ಲಾಂಚಿಗೆ ಬಂದು ನಿಂತಿದ್ದ. ಲಾಂಚು ಬಂದು ನಿಲ್ಲುವ ಜೆಟ್ಟಿಯ ಪಕ್ಕದಲ್ಲಿ ತಗಡಿನ ಶೆಡ್ಡು, ಎಣ್ಣೆ ಕುಡಿದು ಕುಡಿದು ಕಪ್ಪಾದ ಮರದ ಮೇಜು, ಗೋಡೆಯ ಮೊಳೆಗಳಲ್ಲಿ ಅಣ್ಣ ತಮ್ಮಂದಿರಂತೆ ಎತ್ತರದ ಪ್ರಕಾರ ತೂಗುವ ಸ್ಪ್ಯಾನರುಗಳು. ಲಾಂಚಿನೊಳಗಿದ್ದದ್ದೂ ಹುಟ್ಟಿನಿಂದ ಲಾರಿಯ ಜಾತಿಯದೇ ಡೀಸೆಲ್ ಇಂಜಿನ್. ನದಿಯ ನೀರನ್ನೇ ಎಳೆದುಕೊಂಡು ಮೈ ತಣಿಸಿಕೊಳ್ಳುವುದು ಮಾತ್ರ ಹೊಸ ಅಭ್ಯಾಸ. "ಲಾರಿ ಕೆಟ್ರೆ ಇಳಿದು ನಡೀಬಹುದು. ಲಾಂಚು ಕೆಟ್ರೂ ಇಳೀಬಹುದು, ನಡೆಯೋದು ಮಾತ್ರ ಕಷ್ಟ" ಎಂದು ಮೇಸ್ತ್ರಿ ಹೇಳುತ್ತಿದ್ದ. ಆದ್ದರಿಂದ ಅದರ ಮೇಲೆ ಅವನಿಗೆ ಹೆಚ್ಚು ನಿಗಾ.

ಅವನ ಶಾಸ್ತ್ರ ಸರಳ. ಡೀಸೆಲ್ ಇಂಜಿನ್ನಿಗೆ ಬೇಕಾದದ್ದು ಊಟ, ಉಸಿರು, ಒತ್ತಡ. (ನಮಗೂ ಅಷ್ಟೇ, ಒತ್ತಡ ಮಾತ್ರ ಕೇಳದೆಯೇ ಸಿಗುತ್ತದೆ.) ಕಪ್ಪು ಹೊಗೆ ಬಂತೆಂದರೆ ಊಟ ಜಾಸ್ತಿಯಾಗಿರಬೇಕು, ಇಲ್ಲವೇ ಉಸಿರು ಕಡಿಮೆಯಾಗಿರಬೇಕು. ಇನ್ನೊಂದು ಸೂತ್ರವೂ ಇತ್ತು. ಇಂಜಿನ್ನಿನ ಯಾವುದೇ ಬಾಯಿ ತೆರೆದಿಟ್ಟರೂ ಒಳಗೆ ನಟ್ಟು, ಬೋಲ್ಟು, ಧೂಳು ಬೀಳದಂತೆ ಅದಕ್ಕೆ ಬಟ್ಟೆ ತುರುಕಬೇಕು. ತುರುಕಿದ ಬಟ್ಟೆಯ ಒಂದು ತುದಿ ಮೊಳದುದ್ದ ಹೊರಗೆ ನೇತಾಡುತ್ತಿರಬೇಕು. "ಬಾಲ ಬಿಡ್ರೋ, ಬಾಲ! ಬಾಲ ಕಾಣ್ತಾ ಇದ್ರೆ ಕೋತಿನ ಮರೆಯೋಕಾಗಲ್ಲ" ಎನ್ನುವುದು ಶೆಡ್ಡಿನಲ್ಲಿ ದಿನಾ ಕೇಳಿಬರುತ್ತಿದ್ದ ಮಾತು.

ಲಾಂಚಿನ ಒಡತಿಯನ್ನು ಜನ ಲಾಂಚಮ್ಮ ಎನ್ನುತ್ತಿದ್ದರು. ಲಾಂಚಮ್ಮನ ಹತ್ತಿರ ಲಂಚ ನಡೆಯದು ಎಂಬ ಖ್ಯಾತಿ ಆಕೆಗೆ. ಗಂಡ ಹೋದಮೇಲೆ ಟಿಕೆಟ್ ಕಿಟಕಿಯ ಹಿಂದೆ ಕುಳಿತು, ಮೂಗಿನ ತುದಿಯ ಕನ್ನಡಕದ ಮೇಲಿಂದ ನದಿಯನ್ನೇ ಆಳುತ್ತಿದ್ದ ಹೆಂಗಸು. ಲಾಂಚಿನ ಡ್ರೈವರು ಮೇಸ್ತ್ರಿಯ ಭಾಮೈದ, ಅಂದರೆ ಹೆಂಡತಿಯ ತಮ್ಮ. ಅವನನ್ನು ಚುಕ್ಕಾಣಿಯ ಮುಂದೆ ನಿಲ್ಲಿಸಿದ್ದೇ ಮೇಸ್ತ್ರಿಯ ಶಿಫಾರಸು. ಆ ಋಣಕ್ಕೆ ಭಾಮೈದ ಭಾವನಿಗೆ ಒಂದು ಶರ್ಟು ತಂದುಕೊಟ್ಟಿದ್ದ. ಹಳದಿ ಬಟ್ಟೆಯ ತುಂಬ ಹಸಿರು ಗಿಳಿಗಳು. ಎದೆಯ ಮೇಲೆ ಗಿಳಿ, ಬೆನ್ನ ಮೇಲೆ ಗಿಳಿ, ಜೇಬಿನ ಮೇಲೆ ಕತ್ತು ಓರೆ ಮಾಡಿ ಮಾತಿಗೆ ಕಾದಿರುವಂಥ ಇನ್ನೊಂದು ಗಿಳಿ. ಹೆಂಡತಿಯ ಒತ್ತಾಯಕ್ಕೆ ಅದನ್ನು ತೊಟ್ಟು ಮೇಸ್ತ್ರಿ ಒಂದೇ ಒಂದು ದಿನ ಶೆಡ್ಡಿಗೆ ಹೋದ. ಪಕ್ಕದ ಶೆಡ್ಡಿನ ವೆಲ್ಡರು ಕಣ್ಣಿನ ಗುರಾಣಿ ಮೇಲೆತ್ತಿ, "ಯಾರ್ರೀ ಅದು, ಪಂಜರದ ಬಾಗಿಲು ತೆಗೆದಿಟ್ಟೋರು?" ಎಂದ. ಸಂಜೆಯವರೆಗೂ ದಾರಿಹೋಕರು ಸೀಟಿ ಹೊಡೆದರು.

ಮರುದಿನ ಮೇಸ್ತ್ರಿ ಯಾರಿಗೂ ಹೇಳದೆ ಗಿಳಿಗಳನ್ನು ಹರಿದು ಶೆಡ್ಡಿನ ಚಿಂದಿ ಡಬ್ಬಕ್ಕೆ ಹಾಕಿದ. ಒಳ್ಳೆಯ ಹತ್ತಿ ಬಟ್ಟೆ, ಎಣ್ಣೆ ಚೆನ್ನಾಗಿ ಹೀರುತ್ತಿತ್ತು. ಶರ್ಟೆಲ್ಲಿ ಎಂದು ಭಾಮೈದ ಕೇಳಿದಾಗ, "ದಿನಾ ಹಾಕ್ಕೊಂಡು ಹಾಳು ಮಾಡೋ ಬಟ್ಟೇನೇನೋ ಅದು? ಮದುವೆ ಗಿದುವೆಗೆ ಅಂತ ಜೋಪಾನವಾಗಿ ಎತ್ತಿಟ್ಟಿದೀನಿ" ಎಂದ. ಭಾಮೈದನ ಮುಖ ಅರಳಿತು. ಅದನ್ನು ಕಂಡು ಮೇಸ್ತ್ರಿಗೆ ಸ್ವಲ್ಪ ಕಸಿವಿಸಿಯಾಯಿತು. ಸ್ವಲ್ಪವೇ.

ಬೇಸಗೆಯ ಒಂದು ಮಧ್ಯಾಹ್ನ ಲಾಂಚಿನ ಏರ್ ಫಿಲ್ಟರ್ ಬಿಚ್ಚಿ ತೊಳೆದ. ಗಾಳಿ ಒಳಗೆ ಹೋಗುವ ಪೈಪಿನ ಬಾಯಿಗೆ, ಕೈಗೆ ಸಿಕ್ಕ ಚಿಂದಿ ತುರುಕಿದ. ಅದು ಶರ್ಟಿನ ಜೇಬಿನ ತುಂಡು. ದಪ್ಪ ಇತ್ತು, ಉದ್ದ ಇರಲಿಲ್ಲ, ಬಾಲ ಬಿಡಲು ಜಾಗವೇ ಇರಲಿಲ್ಲ. ಅದೇ ಹೊತ್ತಿಗೆ ವೆಲ್ಡರು ಜೆಟ್ಟಿಯ ಮೇಲೆ ನಿಂತು, ಬಸ್ಸಿನ ಇಂಜಿನ್ನೊಂದರಲ್ಲಿ ಯಾರೋ ಬಟ್ಟೆ ಮರೆತ ಸುದ್ದಿ ಹೇಳಿದ. ಮೇಸ್ತ್ರಿಗೆ ಉತ್ಸಾಹ ಉಕ್ಕಿತು. "ಅದಕ್ಕೇ ಹೇಳೋದು ನಾನು, ಬಾಲ ಬಿಡ್ಬೇಕು ಅಂತ" ಎಂದು ಶುರು ಮಾಡಿದವನು, ಬಾಲದ ಮಹಿಮೆಯನ್ನು ವಿವರಿಸುತ್ತ ವಿವರಿಸುತ್ತಲೇ ಫಿಲ್ಟರನ್ನು ಪೈಪಿನ ಮೇಲೆ ಕೂರಿಸಿ ಬೋಲ್ಟು ಬಿಗಿದುಬಿಟ್ಟ. ಇಂಜಿನ್ ಶುರುವಾಯಿತು. ಗಿಳಿ ಗಾಳಿಯ ಜೊತೆ ಒಳಗೆ ಹಾರಿ, ಪೈಪಿನ ತಿರುವಿನಲ್ಲಿ ಗೂಡು ಕಟ್ಟಿತು.

ಜೆಟ್ಟಿಯಲ್ಲಿ ನಿಂತಾಗ ಇಂಜಿನ್ನು ಸಾಧುವಾಗಿಯೇ ಇತ್ತು. ಜನ, ಸ್ಕೂಟರು ಹತ್ತಿಸಿಕೊಂಡು ಪ್ರವಾಹಕ್ಕೆ ಎದುರಾದೊಡನೆ ಕಾಗೆಯ ಬಣ್ಣದ ಹೊಗೆ ಉಗುಳಿ, ಮುದುಕಿ ಮೆಟ್ಟಿಲು ಹತ್ತುವಂತೆ ಏದುಸಿರು ಬಿಟ್ಟಿತು. ಬಿಳಿ ಶರ್ಟಿನವರು ಆ ದಡಕ್ಕೆ ಬೂದು ಶರ್ಟಿನವರಾಗಿ ಇಳಿದರು.

ಮೇಸ್ತ್ರಿ ಕಿವಿ ಇಟ್ಟ. ನಾಜಲ್ ಎಂದ. ಡೀಸೆಲ್ ಚಿಮ್ಮಿಸುವ ಆ ನಾಜಲ್ ಬಿಚ್ಚಿದ, ತೊಳೆದ, ಹಾಕಿದ. ಹೊಗೆ ಹಾಗೇ ಬಂತು. ಡೀಸೆಲ್ ಪಂಪು ನೋಡಿದ, ಪಂಪು ಗಟ್ಟಿ. ಊಟದ ಕಡೆಯದನ್ನೆಲ್ಲ ತಡಕಿದ. ಉಸಿರಿನ ಕಡೆ ತಿರುಗಿಯೂ ನೋಡಲಿಲ್ಲ, ಅದನ್ನು ಈಗಷ್ಟೇ ತಾನೇ ಮಾಡಿದ್ದನಲ್ಲ! ತನ್ನ ಕೈಯಿಂದಾದ ಕೆಲಸವನ್ನು ಎರಡನೇ ಸಲ ನೋಡುವುದೆಂದರೆ ಕೈಗೇ ಅವಮಾನ. ಅತ್ತ ಲಾಂಚಮ್ಮ ಕಿಟಕಿಯಿಂದ ದಿನವೂ ಕೇಳುತ್ತಿದ್ದಳು: "ಏನ್ ಮೇಸ್ತ್ರಿ, ಕಿವಿಗೇನಾದ್ರೂ ಎಣ್ಣೆ ಬಿಡಿಸ್ಬೇಕಾ?"

ಆ ಮಾತು ನಾಟಿತು. ಮರುದಿನ ಬೆಳಗಿನ ಜನಜಂಗುಳಿಯ ನಡುವೆ ಮೇಸ್ತ್ರಿ ಟ್ಯಾಂಕಿನ ತಳದಿಂದ ಒಂದು ಬಾಟಲಿ ಡೀಸೆಲ್ ಇಳಿಸಿ ಬಿಸಿಲಿಗೆ ಹಿಡಿದ.

"ನೋಡಿ ಅಮ್ಮ, ತಳದಲ್ಲಿ ಏನು ಕೂತಿದೆ ಅಂತ. ಇದು ಡೀಸೆಲ್ಲಾ? ಯಾರೋ ಒಳ್ಳೇದು ಕದ್ದು ಕಲಬೆರಕೆ ಸುರಿದಿದಾರೆ."

ಯಾವ ಟ್ಯಾಂಕಿನ ತಳದಲ್ಲಾದರೂ ಅಷ್ಟು ಕೊಳೆ ಇದ್ದೇ ಇರುತ್ತದೆಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

"ಟ್ಯಾಂಕು ತುಂಬ್ಸೋನು ಯಾರು?" ಎಂದಳು ಲಾಂಚಮ್ಮ.

ಎಲ್ಲರೂ ಭಾಮೈದನತ್ತ ತಿರುಗಿದರು. ಅವನು ಚುಕ್ಕಾಣಿ ಹಿಡಿದಿದ್ದ ಕೈಯನ್ನು ಹಾಗೇ ಇಟ್ಟುಕೊಂಡು, "ಭಾವ, ನಾನಾ?" ಎಂದ.

"ಹೊಗೆ ಸುಳ್ಳು ಹೇಳಲ್ಲಪ್ಪ" ಎಂದ ಮೇಸ್ತ್ರಿ, ಬೇರೆಲ್ಲೋ ನೋಡುತ್ತ.

ಹೊಗೆ ನಿಜಕ್ಕೂ ಸುಳ್ಳು ಹೇಳುತ್ತಿರಲಿಲ್ಲ. ಲಾಂಚಮ್ಮ ಬೇರೊಬ್ಬ ಡ್ರೈವರನ್ನು ಕರೆಸಿದಳು. ಭಾಮೈದನಿಗೆ ಹಗ್ಗ ಕಟ್ಟುವ, ಸಾಮಾನು ಇಳಿಸುವ ಕೆಲಸ ಸಿಕ್ಕಿತು. ನಿನ್ನೆಯವರೆಗೆ "ಕ್ಯಾಪ್ಟನ್ ಸಾಹೇಬ್ರೇ" ಎನ್ನುತ್ತಿದ್ದ ಜನ ಈಗ "ಲೋ, ಆ ಮೂಟೆ ಹಿಡಿಯೋ" ಎಂದರು. ಕೆಲವರು ತಮ್ಮ ಚೀಲಗಳನ್ನು ಅವನ ಕೈಗೆ ಕೊಡದೆ ತೊಡೆಯ ಮೇಲೇ ಇಟ್ಟುಕೊಂಡರು.

ಮನೆಯಲ್ಲಿ ಹೆಂಡತಿ ಜಗಳವಾಡಲಿಲ್ಲ. ತಟ್ಟೆ ತಂದಿಟ್ಟು, "ನನ್ನ ತಮ್ಮ ದಡ್ಡ ಇರಬಹುದು ರೀ, ಕಳ್ಳ ಅಲ್ಲ" ಎಂದಳು.

ಟ್ಯಾಂಕು ತೊಳೆದು, ಹೊಸ ಡ್ರೈವರ ಕಣ್ಣೆದುರೇ ಹೊಸ ಡೀಸೆಲ್ ತುಂಬಿದರೂ ಹೊಗೆ ನಿಲ್ಲಲಿಲ್ಲ. ಬಿಚ್ಚಲು ಬೇರೇನೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ, ಲಾಂಚು ಖಾಲಿ ನಿಂತಿದ್ದಾಗ, ಮೇಸ್ತ್ರಿ ಕೆಳಗಿಳಿದು ಇಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಗಾಳಿ ಪೈಪನ್ನೇ ಬಿಚ್ಚಿದ. ತಿರುವಿನೊಳಗೆ ಬೆರಳು ಹಾಕಿದಾಗ ಮೆತ್ತಗೆ ಏನೋ ತಗುಲಿತು. ಎಳೆದ. ಮಸಿ ಹಿಡಿದ ಬಟ್ಟೆ. ಮಸಿಯ ನಡುವೆ ಒಂದು ಕೆಂಪು ಕೊಕ್ಕು.

ಹೆಬ್ಬೆರಳಿನಿಂದ ಮಸಿ ಉಜ್ಜಿದ. ಜೇಬಿನ ಗಿಳಿಯೇ.

"ಏನಾದ್ರೂ ಸಿಕ್ತಾ ಭಾವ?" ಮೇಲಿನಿಂದ ಭಾಮೈದನ ದನಿ. ಹಗ್ಗ ಸುತ್ತುತ್ತಿದ್ದವನು ಬಾಗಿ ನೋಡಲು ಬರುತ್ತಿದ್ದ. ಅಷ್ಟೆಲ್ಲ ಆದಮೇಲೂ ಅವನ ದನಿಯಲ್ಲಿ ನಿಜವಾದ ಆಸೆಯಿತ್ತು.

"ಏನೂ ಇಲ್ಲ ಕಣೋ" ಎಂದ ಮೇಸ್ತ್ರಿ. ಬಟ್ಟೆಯನ್ನು ಮುದುರಿ ತನ್ನ ಅಂಗಿಯೊಳಗೆ ತುರುಕಿಕೊಂಡ. ಪೈಪು ಕಟ್ಟಿದ. ಇಂಜಿನ್ನು ಮೊದಲ ಉಸಿರೆಳೆದ ಕೂಸಿನಂತೆ ಗಟ್ಟಿಯಾಗಿ ಕೂಗಿತು.

ಹೊಗೆ ನಿಂತಿತು, ಹೊಗಳಿಕೆ ಶುರುವಾಯಿತು. ಹೊಸ ಡ್ರೈವರು, "ಏನು ಕೈ ಮೇಸ್ತ್ರಿ ನಿಮ್ದು!" ಎಂದ. ವೆಲ್ಡರು ಟೀ ತರಿಸಿದ. ಮೇಸ್ತ್ರಿ ತನ್ನ ಲೋಟವನ್ನು ಪಕ್ಕದವನಿಗೆ ದಾಟಿಸಿದ. ಲಾಂಚಮ್ಮ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟಳು: "ನೋಡಿದ್ರಾ? ಡ್ರೈವರ್ ಬದಲಾದ, ಒಳಗೆ ಉಳಿದಿದ್ದ ಹಳೇ ಕೊಳೆ ಖಾಲಿಯಾಯ್ತು, ಹೊಗೆ ಹೋಯ್ತು. ಇನ್ನೇನು ಸಾಕ್ಷಿ ಬೇಕು?"

ಮೇಸ್ತ್ರಿಯ ರಿಪೇರಿಯೇ ಭಾಮೈದನ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು. ಭಾಮೈದ ಹಗ್ಗದ ಸುರುಳಿಯ ಮೇಲೆ ಕುಳಿತು ನೀರು ನೋಡುತ್ತಿದ್ದ. "ಕಳ್ಳ" ಎಂದು ಯಾರೋ ಅಂದಾಗ ಮೇಸ್ತ್ರಿಯ ಕೈ ತಾನಾಗಿ ಎದೆಯ ಹತ್ತಿರ ಹೋಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ. ಅಂಗಿಯೊಳಗಿನ ಬಟ್ಟೆ ಬೆವರಿಗೆ ಅಂಟಿಕೊಂಡಿತ್ತು.

ಮಾನ ಉಳಿಸಲು ಮೌನ ಸಾಕು ಎಂದುಕೊಂಡವನಿಗೆ ಮೌನವೇ ಬಿಸಿ ತುಪ್ಪವಾಯಿತು, ನುಂಗಲಾರ, ಉಗುಳಲಾರ. ಸ್ವಲ್ಪ ಉಗುಳಿದರೆ ಹೇಗೆ ಎಂದು ಲೆಕ್ಕ ಹಾಕಿದ. ಸಂಜೆ ಟಿಕೆಟ್ ಕೋಣೆಗೆ ಹೋದ. ಫ್ಯಾನಿನ ಗಾಳಿಗೆ ಹಾರದಂತೆ ಟಿಕೆಟ್ ಕಟ್ಟುಗಳ ಮೇಲೆ ಹಳೆಯ ಬೇರಿಂಗುಗಳನ್ನು ಇಟ್ಟುಕೊಂಡು ಲಾಂಚಮ್ಮ ಕುಳಿತಿದ್ದಳು. ಆ ಬೇರಿಂಗುಗಳೂ ಅವನೇ ಕೊಟ್ಟವು.

"ಅಮ್ಮ, ಇನ್ನೊಂದು ವಿಷಯ. ಗಾಳಿ ಪೈಪಲ್ಲೂ ಸ್ವಲ್ಪ ಕಸ ಇತ್ತು."

"ಎಂಥಾ ಕಸ?"

"ಕಸ ಅಂದ್ರೆ... ಬಟ್ಟೆ ಥರದ ಕಸ."

ಲಾಂಚಮ್ಮ ಕನ್ನಡಕ ತೆಗೆದಳು. "ಬಟ್ಟೆ ತಾನಾಗೇ ನಡ್ಕೊಂಡು ಹೋಗಿ ಪೈಪಲ್ಲಿ ಕೂರುತ್ತಾ ಮೇಸ್ತ್ರಿ?"

"ಇಲ್ಲ, ಅದು..."

"ಅಂದ್ರೆ ಯಾರೋ ತುರುಕಿದಾರೆ. ಕದ್ದಿದ್ದು ಸಾಲ್ದು ಅಂತ ಇಂಜಿನ್ ಬಾಯಿಗೆ ಬಟ್ಟೆ ಬೇರೆ ತುರುಕಿದ್ನಾ ಅವನು? ನದಿ ಮಧ್ಯದಲ್ಲಿ ನಿಂತುಹೋಗಿದ್ರೆ ಅಷ್ಟು ಜನರ ಗತಿ? ಪಾಪ, ನಿಮ್ಮ ಹೆಂಡತಿ ತಮ್ಮ ಅಂತ ಇಷ್ಟು ದಿನ ಮುಚ್ಚಿಟ್ಕೊಂಡಿದ್ರಿ. ನನಗೆ ಅರ್ಥ ಆಗುತ್ತೆ. ನಾಳೆಯಿಂದ ಅವನು ಜೆಟ್ಟಿ ಮೇಲೆ ಕಾಲಿಡಬಾರದು, ಅಷ್ಟೇ."

ಮೇಸ್ತ್ರಿ ಟಿಕೆಟ್ ಕಟ್ಟಿನ ಮೇಲಿನ ಬೇರಿಂಗೊಂದನ್ನು ಇನ್ನೊಂದಿಷ್ಟು ನೇರ ಮಾಡಿದ. ಹೊರಗೆ ಬಂದು, ಜೆಟ್ಟಿಯ ಮೇಲಿಂದ ಹೋದರೆ ಭಾಮೈದ ಎದುರಾಗುತ್ತಾನೆಂದು, ಬೇಲಿಯ ಸಂದಿಯಿಂದ ನುಸುಳಿ ಮನೆಗೆ ಹೋದ. ಅಷ್ಟು ದಪ್ಪ ಮನುಷ್ಯ ಅಷ್ಟು ಸಣ್ಣ ಸಂದಿಯಲ್ಲಿ ನುಸುಳುವುದನ್ನು ಒಂದು ನಾಯಿ ಆಶ್ಚರ್ಯದಿಂದ ನೋಡಿತು.

ಬೆಳಗ್ಗೆ ಭಾಮೈದನೇ ಮನೆಗೆ ಬಂದ. ಸುದ್ದಿ ಅವನಿಗೆ ಮುಟ್ಟಿತ್ತು. ಚಪ್ಪಲಿ ಬಿಟ್ಟು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತ. ಯಾವಾಗಲೂ ಒಳಗೆ ಬಂದು ಅಕ್ಕನ ಪಾತ್ರೆಗಳ ಮುಚ್ಚಳ ತೆಗೆದು ನೋಡುವವನು. ಅಕ್ಕ ಟೀ ಕೊಟ್ಟಳು. ಮೇಸ್ತ್ರಿ ಮುಖ ತೊಳೆದದ್ದನ್ನೇ ಮತ್ತೆ ತೊಳೆದು ಬಂದ.

"ಭಾವ, ನೀವೊಂದು ಮಾತು ಹೇಳ್ಬೇಕು ಲಾಂಚಮ್ಮನಿಗೆ" ಎಂದ ಭಾಮೈದ. "ಕಳ್ಳ ಅಂದ್ರಾ, ಅಂದ್ಕೊಳ್ಳಲಿ. ಜನರನ್ನ ಮುಳುಗಿಸೋಕೆ ಹೊರಟಿದ್ದ ಅನ್ನೋದು ಬೇಡ. ದಿನಾ ನನ್ನ ಜೊತೆ ದಾಟೋ ಹೆಂಗಸರು ಮಕ್ಕಳು, ಎಲ್ಲರೂ ಗೊತ್ತಿರೋರು. ನಿಮ್ಮ ಮಾತಂದ್ರೆ ಅವರು ಕೇಳ್ತಾರೆ. ಯಾರು ತುರುಕಿದ್ದು ಅಂತ ನಿಮಗೆ ಗೊತ್ತಾಗೇ ಗೊತ್ತಾಗುತ್ತೆ. ನಿಮ್ಮ ಕಿವಿಗೆ, ಕಣ್ಣಿಗೆ ತಪ್ಪೋದು ಏನಿದೆ?"

ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ಈ ನಂಬಿಕೆಯನ್ನು ತಡೆದುಕೊಳ್ಳಲು ಆಗಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಅಂಗಿಯ ಒಳಜೇಬಿಗೆ ಕೈ ಹಾಕಿ, ಮಸಿಯ ಮುದ್ದೆಯನ್ನು ತೆಗೆದು ಟೀ ಲೋಟದ ಪಕ್ಕ ಇಟ್ಟ. ಯಾರೂ ಮುಟ್ಟಲಿಲ್ಲ. ಅದು ತಾನೇ ನಿಧಾನವಾಗಿ ಬಿಚ್ಚಿಕೊಂಡು, ಕತ್ತು ಓರೆ ಮಾಡಿದ ಗಿಳಿಯನ್ನು ತೋರಿಸಿತು.

ಮೊದಲು ಮಾತಾಡಿದವಳು ಹೆಂಡತಿ. "ಇದು ನೀವು ಜೋಪಾನವಾಗಿ ಎತ್ತಿಟ್ಟಿದ್ದ ಶರ್ಟಲ್ವಾ?"

ಮೇಸ್ತ್ರಿ ನೆಲ ನೋಡಿದ. ನೆಲ ಬಾಯಿ ಬಿಡಲಿಲ್ಲ. ಅಂಥ ಹೊತ್ತಿನಲ್ಲಿ ಅದು ಯಾರಿಗೂ ಸಹಾಯ ಮಾಡಿದ್ದಿಲ್ಲ.

"ಪೈಪಲ್ಲಿ ಇದ್ದಿದ್ದು ಇದೇನಾ?" ಎಂದ ಭಾಮೈದ.

"ಇದೇ."

"ಇಟ್ಟೋರು?"

"ನಾನೇ. ಮರೆತೆ."

ಭಾಮೈದ ಟೀ ಲೋಟವನ್ನು ಬಟ್ಟೆಯಿಂದ ದೂರ ಸರಿಸಿದ. ಶರ್ಟಿನ ಮಾತು ಎತ್ತಲಿಲ್ಲ, ಕಳ್ಳತನದ ಮಾತೂ ಎತ್ತಲಿಲ್ಲ. "ಅವತ್ತು ಮೇಲಿಂದ ನಾನು ಕೇಳ್ದಾಗ... ಏನೂ ಇಲ್ಲ ಅಂದ್ರಲ್ಲ. ಆಗ ಕೈಯಲ್ಲೇ ಇತ್ತಾ ಭಾವ?"

"ಇತ್ತು" ಎಂದ ಮೇಸ್ತ್ರಿ.

"ಇಲ್ಲಿ ಹೇಳಿದ್ದು ಸಾಲಲ್ಲ ರೀ" ಎಂದಳು ಹೆಂಡತಿ, ಸೆರಗಿನಿಂದ ಕಣ್ಣೊರೆಸಿಕೊಂಡು. "ಎಲ್ಲಿ ನಿಂತು ಅವನ ಮರ್ಯಾದೆ ತೆಗೆದ್ರೋ, ಅಲ್ಲೇ ನಿಂತು ಹೇಳಿ. ಅಷ್ಟೇ ಜನ ಇರೋವಾಗ ಹೇಳಿ. ಮಧ್ಯಾಹ್ನ ಖಾಲಿ ಇರುತ್ತೆ ಅಂತ ಕಾಯ್ಬೇಡಿ."

ಮಧ್ಯಾಹ್ನದ ಯೋಚನೆ ಮೇಸ್ತ್ರಿಗೆ ಬಂದಿತ್ತು. ಅದು ಅವಳಿಗೆ ಹೇಗೆ ತಿಳಿಯಿತೋ.

ಬೆಳಗಿನ ಲಾಂಚು ಹೊರಡುವ ಹೊತ್ತಿಗೆ ಅವನು ಜೆಟ್ಟಿಯ ಮೇಲಿದ್ದ. ಬಾಟಲಿ ಎತ್ತಿ ಹಿಡಿದಿದ್ದ ಜಾಗದಲ್ಲೇ ನಿಂತು ಬಟ್ಟೆ ಎತ್ತಿ ಹಿಡಿದ. ಆ ದಿನ ದನಿ ಗಂಟೆಯಂತಿತ್ತು, ಈಗ ಹಿಂದೆ ನಿಂತವರು "ಜೋರಾಗಿ ಹೇಳ್ರೀ!" ಎಂದು ಕೂಗಬೇಕಾಯಿತು. ಹೇಳಿದ್ದನ್ನೇ ಮತ್ತೆ ಹೇಳಿದ. ಡೀಸೆಲ್ ಸರಿಯಿತ್ತು, ತಳದ ಕೊಳೆ ಎಲ್ಲ ಟ್ಯಾಂಕಲ್ಲೂ ಇರುವಂಥದ್ದು, ಬಟ್ಟೆ ಮರೆತದ್ದು ತಾನು, ಸಿಕ್ಕಮೇಲೂ ಬಚ್ಚಿಟ್ಟದ್ದು ತಾನು.

ಜನ ಕೆರಳುತ್ತಾರೆಂದು ಮೇಸ್ತ್ರಿ ಸಿದ್ಧವಾಗಿದ್ದ. ಜನ ನಕ್ಕರು. "ಮೇಸ್ತ್ರಿ, ಬಾಲ ಎಲ್ಲಿ?" ಎಂದು ವೆಲ್ಡರು ಕೂಗಿದ. "ಹಿಂದೆ ನೋಡ್ರೋ, ಅವರಿಗೇ ಇರಬೇಕು!" ಎಂದ ಇನ್ನೊಬ್ಬ. ಸ್ಕೂಟರುಗಳು ಹಾರನ್ ಹೊಡೆದವು. ತಾನೂ ನಕ್ಕುಬಿಟ್ಟರೆ ಅರ್ಧ ಹಗುರವಾಗುತ್ತದೆಂದು ಅವನಿಗೆ ಗೊತ್ತಿತ್ತು. ನಗಲು ಹೋದ, ಮುಖ ಒಪ್ಪಲಿಲ್ಲ.

ಲಾಂಚಮ್ಮ ನಗಲಿಲ್ಲ. "ನೀವು ನಿನ್ನೆ ನನ್ನ ಎದುರಿಗೇ ನಿಂತಿದ್ರಿ" ಎಂದಳು. "ನನ್ನ ಬಾಯಿಂದ ಆ ಮಾತು ಹೇಳಿಸಿಬಿಟ್ರಿ." ಕಿಟಕಿ ಮುಚ್ಚಿ ಹೊರಗೆ ಬಂದು, ತಾನೇ ಭಾಮೈದನ ಮನೆಯ ದಾರಿ ಹಿಡಿದಳು. ಲಾಂಚಮ್ಮ ಜೆಟ್ಟಿ ಬಿಟ್ಟು ನಡೆದುಹೋದದ್ದನ್ನು ಜನ ಕಂಡದ್ದು ಅಂದೇ.

ಭಾಮೈದ ಚುಕ್ಕಾಣಿಗೆ ಮರಳಿದ. ಜನ ಮತ್ತೆ "ಕ್ಯಾಪ್ಟನ್ ಸಾಹೇಬ್ರೇ" ಎಂದರು, ಚೀಲಗಳನ್ನು ಅವನ ಕೈಗೇ ಕೊಟ್ಟರು. ಅವನು ಇಟ್ಟದ್ದು ಒಂದೇ ಷರತ್ತು: ಇನ್ನುಮುಂದೆ ಇಂಜಿನ್ ಬಿಚ್ಚುವಾಗ, ಕಟ್ಟುವಾಗ ತಾನು ಪಕ್ಕದಲ್ಲಿರಬೇಕು. ಮೇಸ್ತ್ರಿಯನ್ನು ತೆಗೆಯಿರಿ ಎಂದು ಅವನು ಕೇಳಲೇ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಮೇಸ್ತ್ರಿಗೆ ಎಷ್ಟೋ ಸಲ ಅನ್ನಿಸಿದೆ.

ಈಗಲೂ ಫಿಲ್ಟರ್ ತೊಳೆಯುವ ದಿನ ಇಬ್ಬರೂ ಕೆಳಗಿಳಿಯುತ್ತಾರೆ. ಇಂಜಿನ್ ಕೋಣೆಯಲ್ಲಿ ಇಬ್ಬರು ದೊಡ್ಡವರಿಗೆ ಜಾಗ ಸಾಲದು. ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಮೇಸ್ತ್ರಿ ಕೆಲಸ ಮುಗಿಸಿ, ಪೈಪಿನ ಬಾಯಿಗೆ ಟಾರ್ಚು ಹಿಡಿದು, "ನೋಡು" ಎಂದು ಪಕ್ಕಕ್ಕೆ ಸರಿಯುತ್ತಾನೆ. ಭಾಮೈದ ಬಾಗಿ, ಒಂದು ಕಣ್ಣು ಮುಚ್ಚಿ, ಖಾಲಿ ಪೈಪಿನೊಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾನೆ. ಅಷ್ಟು ಹೊತ್ತೂ ಮೇಸ್ತ್ರಿ ಟಾರ್ಚು ಹಿಡಿದೇ ಇರುತ್ತಾನೆ.

ಭಾವ ಎಂದು ಕರೆಯುವುದನ್ನು ಅವನು ಬಿಟ್ಟಿದ್ದಾನೆ. ತುಂಬ ಮರ್ಯಾದೆಯಿಂದ, "ಸರಿಯಿದೆ ಮೇಸ್ತ್ರಿಗಳೇ, ಮುಚ್ಚಿ" ಎನ್ನುತ್ತಾನೆ. ಮೇಸ್ತ್ರಿ ಮುಚ್ಚುತ್ತಾನೆ.